ಕುತ್ತಿಗೆಯಿಂದ ಬಿಡಿಸಿ, ಹೆಗಲಿಗೆ ಕಟ್ಟಿ ನೋಡಿ

ಪ್ರಶ್ನೆ: ನಮ್ಮನೆ ಶಿರಸಿ ಹತ್ರ ಒಂದು ಹಳ್ಳಿ. ಕಳೆದ ಬೇಸಿಗೇಲಿ ಅಡಿಕೆ ಹಾಳೆ, ತೆಂಗಿನ ನಾರು, ಒಂದಿಷ್ಟು ಬೆತ್ತ ಹಾಕಿ ಆಳೆತ್ತರದ ಒಂದು ದೇಹ ಮಾಡಿ ಜಗಲಿ ತೊಲೆಗೆ ಕತ್ತದ ಹಗ್ಗದಲ್ಲಿ ತೂಗುಹಾಕಿದೆ. ದೇಹ ಬೇರೆ, ಒಳಗಿನ ಜೀವ ಬೇರೆ ಅನ್ನೋದನ್ನ ಹೇಳ್ಬೇಕು ಅಂತ ಮನಸಲ್ಲಿತ್ತು. ಅತ್ತೆ ನೋಡಿ "ಯಾರೋ ಉರ್ಲು ಹಾಕ್ಯಂಡಾಂಗೆ ಕಾಣ್ತು, ಮೊದ್ಲು ತೆಗಿ ಅದ್ನ" ಅಂದ್ರು. ಮಳೆಗಾಲ ಹಿಡಿದ ಮೇಲೆ ಬೂಷ್ಟು ಬಂತು, ಸಾಲದ್ದಕ್ಕೆ ಅದು ತಾನಾಗೇ ತಿರುಗಿ ಮುಖ ಗೋಡೆ ಕಡೆ ಮಾಡ್ಕೊಂಡು ನಿಂತಿದೆ, ಮಕ್ಕಳು ಹೆದರ್ತಾರೆ. ಇದನ್ನ ಸರಿ ಮಾಡಬಹುದಾ ಅಥವಾ ಬಚ್ಚಲ ಒಲೆಗೆ ಹಾಕೋದೇ ವಾಸಿನಾ?

ಉತ್ತರ: ಒಲೆಗೆ ಹಾಕ್ಬೇಡಿ ಮಾರಾಯ್ರೆ. ಆದ್ರೆ ಅತ್ತೆ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ನೀವು ಕಳಿಸಿದ ಫೋಟೋ ತೆಗೆದ ಕೂಡ್ಲೇ ನನಗೂ ಒಂದು ಸಲ ಎದೆ ಝಲ್ ಅಂತು, ಆಮೇಲೆ ಝೂಮ್ ಮಾಡಿ ನೋಡಿದಾಗ ಬೆನ್ನಿನ ಮೇಲೆ ಹಾಳೆಗಳನ್ನ ಮೀನಿನ ಹುರುಪೆ ಥರ ಒಂದರ ಮೇಲೊಂದು ಹೊದಿಸಿದ್ದು ಕಾಣ್ತು, ಅರೆ ಕೈ ಚೆನ್ನಾಗಿ ಪಳಗಿದೆಯಲ್ಲ ಇವರದ್ದು ಅನಿಸ್ತು. ಹಾಳೆದು ತಪ್ಪಿಲ್ಲ, ನಾರಿಂದೂ ತಪ್ಪಿಲ್ಲ. ತಪ್ಪಿರೋದು ಒಂದೇ ಜಾಗದಲ್ಲಿ, ಹಗ್ಗ ಕಟ್ಟಿದ ಜಾಗದಲ್ಲಿ. ತಲೆ ಮತ್ತೆ ಕುತ್ತಿಗೆ ಸೇರೋ ಕಡೆ ಒಂದೇ ಒಂದು ಹಗ್ಗ, ಕೆಳಗೆ ಪೂರ್ತಿ ಮೈ ಜೋತುಬಿದ್ದಿದೆ. ಅಂಥ ದೃಶ್ಯಕ್ಕೆ ನಮ್ಮ ಮನಸಲ್ಲಿ ಒಂದೇ ಅರ್ಥ ಇರೋದು, ನೀವು ಅದರ ಪಕ್ಕ ಎಷ್ಟು ದೊಡ್ಡ ಬೋರ್ಡ್ ಬರೆದು ನೇತುಹಾಕಿದ್ರೂ ಆ ಅರ್ಥ ಹೋಗಲ್ಲ.

ನಿಂತ ಶಿಲ್ಪದಲ್ಲಿ ತೂಕ ನೆಲಕ್ಕೆ ಇಳಿಯುತ್ತೆ, ಅದನ್ನ ಯಾರೂ ಗಮನಿಸಲ್ಲ. ತೂಗುಹಾಕಿದ ಶಿಲ್ಪದಲ್ಲಿ ಹಾಗಲ್ಲ. ತೂಕ ಎಲ್ಲಿಂದ ಜಗ್ತಾ ಇದೆ ಅನ್ನೋದನ್ನೇ ಕಣ್ಣು ಮೊದಲು ಓದೋದು, ಆಕಾರ ಆಮೇಲೆ.

ಒಂದು ಉದಾಹರಣೆ ಕೊಡ್ತೀನಿ, ನೀವೂ ನೋಡಿರ್ತೀರಿ. ಯಕ್ಷಗಾನದ ಚೌಕಿಗೆ, ಅಂದ್ರೆ ವೇಷ ಕಟ್ಟೋ ಕೋಣೆಗೆ, ಹೋಗಿ ಒಂದು ಬದಿ ನಿಂತ್ಕೊಳ್ಳಿ. ವೇಷ ಕಟ್ಟೋಕೆ ಇನ್ನೂ ಹೊತ್ತಿರುವಾಗ ಹಗ್ಗದ ಮೇಲೆ ದಗಲೆ, ಅಂದ್ರೆ ವೇಷದ ತೋಳಿನ ಅಂಗಿ, ನೇತಾಡ್ತಾ ಇರುತ್ತೆ, ತೋಳು ಎರಡೂ ಕೆಳಗೆ ಬಿಟ್ಕೊಂಡು. ಒಳಗೆ ಯಾರೂ ಇಲ್ಲ, ಆದ್ರೆ ಇನ್ನು ಸ್ವಲ್ಪ ಹೊತ್ತಿಗೆ ಯಾರೋ ಬರ್ತಾರೆ ಅನ್ನೋದು ಆ ಬಟ್ಟೇಲೇ ಕಾಣುತ್ತೆ. ಅದನ್ನ ನೋಡಿ ಯಾರಾದ್ರೂ ಹೆದರ್ತಾರಾ? ಇಲ್ಲ, ಯಾಕಂದ್ರೆ ಅದು ಹೆಗಲಿಂದ ನೇತಾಡ್ತಾ ಇದೆ. ಅದೇ ದಗಲೆಗೆ ಕೊರಳಪಟ್ಟಿ ಹತ್ರ ಒಂದು ಕುಣಿಕೆ ಬಿಗಿದು ತೊಲೆಗೆ ಕಟ್ಟಿ, ಚೌಕಿಯಲ್ಲಿದ್ದವರೆಲ್ಲ ನಿಮಗೆ ಬೈತಾರೆ. ಬಟ್ಟೆ ಅದೇ, ಹಗ್ಗ ಅದೇ, ಒಂದು ಗೇಣು ಆಚೀಚೆ ಅಷ್ಟೆ.

ನೀವು ದೇಹ ಬೇರೆ ಜೀವ ಬೇರೆ ಅಂದ್ರಲ್ಲ, ಅದನ್ನ ಹೇಳೋಕೆ ಹೆಣದ ಚಿತ್ರಕ್ಕಿಂತ ಈ ದಗಲೆ ಚಿತ್ರ ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ. ಹೆಣ ಅಂದ್ರೆ ಜೀವ ಹೋಗಿದೆ, ಕಥೆ ಮುಗೀತು. ಖಾಲಿ ಅಂಗಿ ಅಂದ್ರೆ ಹೋಗಿದೆಯೋ ಬರಬೇಕಷ್ಟೋ ಗೊತ್ತಿಲ್ಲ. ನೋಡೋರು ಅಲ್ಲಿ ಎರಡು ನಿಮಿಷ ನಿಲ್ತಾರೆ.

ಹಾಗಾಗಿ ಮೊದಲ ಕೆಲಸ, ಆ ಹಗ್ಗ ಬಿಚ್ಚಿ. ಎರಡೂ ಹೆಗಲಿನ ಒಳಗೆ ಅಡ್ಡಕ್ಕೆ ಒಂದು ಬೆತ್ತ ಕೂರಿಸಿ, ಅದರ ಎರಡು ತುದಿಯಿಂದ ಎರಡು ದಾರ ಮೇಲಕ್ಕೆ ಒಯ್ಯಿರಿ. ಇಲ್ಲಾಂದ್ರೆ ಪೂರ್ತಿ ಮಲಗಿಸಿ ನಾಲ್ಕು ಕಡೆಯಿಂದ ಎತ್ತಿ, ಆಗ ಅದು ತೊಟ್ಟಿಲಾಗುತ್ತೆ, ಕಂಬಳಿ ಜೋಲಿ ಆಗುತ್ತೆ, ಅಜ್ಜನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದ ಜೋಲಿನೂ ಆಗಬಹುದು. ನಾನಾಗಿದ್ರೆ ಮಲಗಿಸ್ತಿದ್ದೆ. ಯಾಕಂದ್ರೆ ಹಾಳೆ ಅನ್ನೋ ವಸ್ತುಗೆ ಅದು ಹೊಂದುತ್ತೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಹುಟ್ಟಿದ ಶಿಶೂನ ಹಾಳೇಲಿ ಮಲಗಿಸ್ತಿದ್ರು, ಹಾಳೇಲೇ ಮೀಯಿಸ್ತಿದ್ರು. ಒಳಮೈ ಬೆಳ್ಳಗೆ ನುಣ್ಣಗೆ, ಹೊರಮೈಯಲ್ಲಿ ಉದ್ದಕ್ಕೆ ಗೆರೆ, ಎರಡು ಅಂಚು ತಾನಾಗೇ ಒಳಕ್ಕೆ ಬಾಗಿರುತ್ತೆ, ಏನನ್ನೋ ತಬ್ಬಿಕೊಳ್ಳೋಕೆ ರೆಡಿ ಇದ್ದ ಹಾಗೆ. ಮತ್ತೆ ಹಾಳೆ ನಾವು ಕಿತ್ತಿದ್ದಲ್ಲ, ಮರ ತಾನಾಗೇ ಬಿಟ್ಟಿದ್ದು. ದೇಹ ಬಿಡೋದರ ಬಗ್ಗೆ ಶಿಲ್ಪ ಮಾಡೋರಿಗೆ ಇದಕ್ಕಿಂತ ಒಳ್ಳೇ ಸಾಮಾನು ಎಲ್ಲಿ ಸಿಗುತ್ತೆ ಹೇಳಿ, ಅದೂ ತೋಟದಲ್ಲಿ ಪುಕ್ಕಟೆ ಬಿದ್ದಿರುತ್ತೆ.

ಎರಡನೇದು, ಹೊಟ್ಟೆ. ಫೋಟೋದಲ್ಲಿ ಹೊಟ್ಟೆ ಜಾಗದಲ್ಲಿ ನಾರು ತುರುಕಿದ್ದು ಕಾಣುತ್ತೆ. ತೆಗೀರಿ ಅದನ್ನ. ಒಳಗೆ ತುಂಬಿದ ಕೂಡ್ಲೇ ಅದು ಬೆರ್ಚಪ್ಪ ಆಗುತ್ತೆ, ಗದ್ದೆಗೆ ಸರಿ. ಮುಖಾನೂ ಬೇಡ ಅಂತೀನಿ, ಕಣ್ಣು ಮೂಗು ಇದ್ದಷ್ಟೂ ಬೊಂಬೆ ಆಗುತ್ತೆ, ಮಕ್ಕಳು ಹೆದರ್ತಾ ಇರೋದು ಮೈ ನೋಡಿ ಅಲ್ಲ, ಗೋಡೆ ಕಡೆ ತಿರುಗಿದ ಆ ತಲೆ ನೋಡಿ.

ಖಾಲಿ ಬಿಡೋಕೆ ಧೈರ್ಯ ಬೇಕು, ಅದು ನನಗೂ ಗೊತ್ತು. ಶಿಲ್ಪಿ ಮೃಣಾಲಿನಿ ಮುಖರ್ಜಿ ಕೆಲಸದ ಚಿತ್ರಗಳನ್ನ ಒಂದು ಸಲ ಹುಡುಕಿ ನೋಡಿ. 1949ರಲ್ಲಿ ಹುಟ್ಟಿದವರು, ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಅವರ ಮಗಳು, ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಹತ್ರ ಕಲಿತವರು. ಸೆಣಬಿನ ಥರದ ಹಗ್ಗ ತಗೊಂಡು ಬಣ್ಣ ಅದ್ದಿ, ಬರೀ ಗಂಟು ಹಾಕ್ತಾ ಹಾಕ್ತಾ ಆಳೆತ್ತರಕ್ಕಿಂತ ದೊಡ್ಡ ರೂಪಗಳನ್ನ ಮಾಡಿದ್ರು, ಮೊದಲೇ ಸ್ಕೆಚ್ ಹಾಕ್ಕೊಂಡು ಕೂರೋ ಅಭ್ಯಾಸ ಇರಲಿಲ್ಲ. ಯಕ್ಷಿ ಅಂತ 1984ರ ಒಂದು ಕೆಲಸ ಇದೆ. ದೇವತೆ ಥರ ಕಾಣುತ್ತೆ, ಹತ್ರ ಹೋದ್ರೆ ಹೂವಿನ ಒಳಭಾಗದ ಥರ, ಹೆಣ್ಣಿನ ದೇಹದ ಥರ, ಮಡಿಕೆ ಮಡಿಕೆ, ಒಳಗೆ ಕತ್ತಲೆ. ಆ ಕತ್ತಲೆ ಇದೆಯಲ್ಲ, ಅಲ್ಲೇ ಇರೋದು ಆ ಶಿಲ್ಪದ ಜೀವ. 2015ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೆಲಸದ ದೊಡ್ಡ ಪ್ರದರ್ಶನ ಶುರುವಾಗಿ ಕೆಲವೇ ದಿನಕ್ಕೆ ತೀರಿಕೊಂಡ್ರು.

ಇನ್ನೊಬ್ಬರು ಪೋಲೆಂಡಿನ ಮಗ್ದಲೇನಾ ಅಬಕನೋವಿಚ್. ಬಂದರಲ್ಲಿ ಬಿಸಾಕಿದ ಹಳೇ ಸೈಸಲ್ (ಕತ್ತಾಳೆ ಜಾತಿಯ ನಾರು) ಹಗ್ಗ ತಂದು, ಬಿಚ್ಚಿ, ತೊಳೆದು, ಬಣ್ಣ ಹಾಕಿ ನೇಯ್ದು ಮಾಡಿನಿಂದ ಇಳಿಬಿಟ್ರು. 1965ರಲ್ಲಿ ಬ್ರೆಜಿಲಿನ ಸಾವೊ ಪೌಲೊ ಬಿಯೆನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. 1969ರ ಕೆಂಪು ಅಬಕಾನ್ ಅನ್ನೋದು ಸುಮಾರು 4 ಮೀಟರ್ ಎತ್ತರ, ಅಷ್ಟೇ ಅಗಲ, ಮಧ್ಯದಲ್ಲಿ ಒಂದು ಸೀಳು. ಅದಕ್ಕೆ ತಲೆ ಇಲ್ಲ ಕೈಕಾಲಿಲ್ಲ, ಆದ್ರೂ ಎದುರು ನಿಂತ್ರೆ ಮೈ ಅಂತ ಗೊತ್ತಾಗುತ್ತೆ. ಕಾರವಾರದ ಬೈತಖೋಲ್ ಬಂದರಲ್ಲಿ ಹಳೇ ಹಗ್ಗದ ರಾಶಿ ನೋಡಿದಾಗೆಲ್ಲ ನನಗೆ ಇವರ ನೆನಪಾಗೋದು. ಈಗ ಅಲ್ಲಿ ಸಿಗೋದೆಲ್ಲ ನೀಲಿ ಹಸಿರು ಪ್ಲಾಸ್ಟಿಕ್ ಹಗ್ಗ ಅನ್ನೋದು ಬೇರೆ ಮಾತು.

ದೂರ ಹೋಗೋದು ಬೇಡ ಅಂದ್ರೆ ನಮ್ಮ ಕರ್ನಾಟಕದವರೇ ಆದ ರಂಜನಿ ಶೆಟ್ಟರ್ ಇದ್ದಾರೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಲ್ಲಿ ಓದಿದವರು. ಜೇನುಮೇಣದ ಪುಟ್ಟ ಪುಟ್ಟ ಉಂಡೆ ಕೈಯಲ್ಲೇ ಮಾಡಿ ಟೀ ಡಿಕಾಕ್ಷನ್ನಲ್ಲಿ ಅದ್ದಿದ ದಾರಕ್ಕೆ ಕಟ್ಟಿ ಇಡೀ ರೂಮು ತುಂಬ ತೂಗುಬಿಟ್ಟ ಅವರ ಕೆಲಸ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ ಸಂಗ್ರಹದಲ್ಲಿದೆ. 2018ರಲ್ಲಿ ಅದೇ ಊರಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಲ್ಲಿ ತೋರಿಸಿದ್ದು ಸ್ಟೀಲಿನ ಬಾಗಿದ ಎಲುಬಿನ ಮೇಲೆ ಹುಣಸೆ ಹಚ್ಚಿದ ಮಲ್ಲು ಬಟ್ಟೆ ಎಳೆದು ಕಟ್ಟಿದ್ದು. ಹುಣಸೆ, ಟೀ, ಜೇನುಮೇಣ, ಎಲ್ಲ ನಮ್ಮ ಅಡುಗೆಮನೆ ಸಾಮಾನೇ. ಆದ್ರೆ ಜೇನುಮೇಣ ನೀವು ಹಂಚಿನ ಮಾಡಿನ ಕೆಳಗೆ ಹಾಕೋ ಆಲೋಚನೆ ಇದ್ರೆ ಜಾಗ್ರತೆ. ಅದು ಕರಗೋದು 62 ಡಿಗ್ರಿ ಮೇಲೆ ಹೌದು, ಆದ್ರೆ ಏಪ್ರಿಲ್ ಮಧ್ಯಾಹ್ನ ಹಂಚಿನ ಬುಡದಲ್ಲಿ ಮೆತ್ತಗಾಗಿ ದಾರ ಅದರೊಳಗೆ ಇಳಿಯೋಕೆ ಅಷ್ಟು ಬಿಸಿ ಬೇಕಾಗಲ್ಲ.

ಈಗ ನಿಮ್ಮ ದೇಹ ಯಾಕೆ ಗೋಡೆ ಕಡೆ ತಿರುಗ್ತು ಅನ್ನೋದು. ದೆವ್ವ ಅಲ್ಲ. ಕತ್ತದ ಹಗ್ಗ ಅಂದ್ರೆ ಹುರಿ ಮಾಡಿದ್ದು. ಮಳೆಗಾಲದ ತೇವಕ್ಕೆ ನಾರಿನ ಎಳೆ ಉದ್ದಕ್ಕೆ ಬೆಳೆಯಲ್ಲ, ಅಡ್ಡಕ್ಕೆ ಊದುತ್ತೆ. ಎಳೆ ದಪ್ಪ ಆದ ಹಾಗೆ ಸುತ್ತಿಕೊಂಡ ಹುರಿಗೆ ಜಾಗ ಸಾಲಲ್ಲ, ಹಗ್ಗ ಗಿಡ್ಡ ಆಗುತ್ತೆ, ಜೊತೆಗೆ ಹುರಿ ಬಿಚ್ಚಿಕೊಳ್ಳೋಕೆ ನೋಡುತ್ತೆ. ಕೆಳಗೆ ತೂಕ ಒಂದೇ ದಾರದಲ್ಲಿ ನೇತಾಡ್ತಾ ಇದ್ರೆ ಅದೂ ಹಗ್ಗದ ಜೊತೆ ತಿರುಗುತ್ತೆ. ಬಿಸಿಲು ಬಂದ ಮೇಲೆ ವಾಪಸ್ ತಿರುಗಬಹುದು, ಪೂರ್ತಿ ಅಲ್ಲ. ಹಗ್ಗ ಹುರಿಯೋರಿಗೆ ಇದು ಹೊಸ ವಿಷಯ ಅಲ್ಲ, ಜೂನಲ್ಲಿ ಬಟ್ಟೆ ಒಣಗಿಸೋ ಹಗ್ಗ ಬಿಗಿಯಾಗೋದು ಎಲ್ಲರೂ ನೋಡಿರ್ತಾರೆ.

ಇದಕ್ಕೆ ಮೂರು ದಾರಿ ಇದೆ. ಹುರಿ ಬಿಟ್ಟು ಜಡೆ ಹೆಣೆದ ಹಗ್ಗ ಹಾಕಿ, ಜಡೇಲಿ ಎಳೆಗಳು ಎಡಕ್ಕೂ ಬಲಕ್ಕೂ ಹೋಗೋದರಿಂದ ತಿರುಗೋ ಶಕ್ತಿ ಒಂದಕ್ಕೊಂದು ಹೊಡೆದುಹೋಗುತ್ತೆ. ಅಥವಾ ಆಗಲೇ ಹೇಳಿದ ಹಾಗೆ ಎರಡು ದಾರ ಸಮಾನಾಂತರ ಕಟ್ಟಿ, ತಿರುಗಿದ್ರೂ ತೂಕವೇ ಅದನ್ನ ವಾಪಸ್ ಎಳ್ಕೊಂಡು ಬರುತ್ತೆ, ತೊಟ್ಟಿಲು ಹಾಗೇ ಅಲ್ವಾ. ಇಲ್ಲ ನನಗೆ ತಿರುಗೋದೇ ಇಷ್ಟ ಅಂದ್ರೆ ತಿರುಗಲಿ ಬಿಡಿ, ಆದ್ರೆ ಹಗ್ಗದ ಮರ್ಜಿಗೆ ಬಿಡ್ಬೇಡಿ. ಕಾರವಾರ ಕುಮಟಾ ಕಡೆ ಗಾಳದ ಸಾಮಾನು ಮಾರೋ ಅಂಗಡೀಲಿ ಸ್ವಿವೆಲ್ ಅಂತ ಒಂದು ಹಿತ್ತಾಳೆ ಗುಂಡಿ ಥರದ್ದು ಸಿಗುತ್ತೆ, ದೊಡ್ಡ ಮೀನಿಗೆ ಹಾಕೋ ಸೈಜ್ ತಗೊಂಡು ಮೇಲೆ ಕೂರಿಸಿದ್ರೆ ಬಾಗಿಲು ತೆರೆದ ಗಾಳಿಗೆ ನಿಧಾನ ತಿರುಗುತ್ತೆ.

ಈ ನಿಧಾನ ತಿರುಗೋದರಲ್ಲಿ ಒಂದು ಮಜಾ ಇದೆ. ನಮ್ಮ ಶೆಡ್ಡಲ್ಲಿ ಒಂದು ಕೆಲಸ ನೇತಾಡ್ತಾ ಇದೆ, ಹಾಳೆ ಸೀಳಿ ಪಕ್ಕೆಲುಬಿನ ಥರ ಜೋಡಿಸಿದ್ದು, ಒಳಗೇನೂ ಇಲ್ಲ, ತೂಕ ಒಂದು ಕೆಜಿಗೂ ಕಮ್ಮಿ. ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಅದು ಸುಮ್ಮನಿರುತ್ತೆ. ಎರಡು ಹೆಜ್ಜೆ ಒಳಗಿಟ್ಟ ಮೇಲೆ ಒಂದು ಕ್ಷಣ ಬಿಟ್ಟು ಕೆಳಗಿನ ಪಕ್ಕೆ ಮೊದಲು ಅಲುಗುತ್ತೆ, ಆಮೇಲೆ ಅದರ ಮೇಲಿಂದು, ಹಾಗೇ ಏರ್ತಾ ಹೋಗಿ ಕೊನೇಗೆ ಪೂರ್ತಿ ಎದೆಗೂಡು ಒಂಚೂರು ಅಗಲ ಆಗಿ ಮತ್ತೆ ಕುಗ್ಗುತ್ತೆ. ಅದು ನಾನು ನಡೆದು ಬಂದ ಗಾಳಿ ಅಷ್ಟೆ, ಗೊತ್ತು. ಆದ್ರೂ ಇಷ್ಟು ವರ್ಷ ಆದ್ರೂ ಆ ಒಂದು ಕ್ಷಣ ನಾನು ನಿಂತು ನೋಡ್ತೀನಿ. ಆತ್ಮ ಅನ್ನೋ ದೊಡ್ಡ ಶಬ್ದ ನಾನು ನನ್ನ ಕೆಲಸಕ್ಕೆ ಬಳಸಲ್ಲ, ಉಸಿರು ಅಂದ್ರೆ ಸಾಕು ಅಂತ ನನ್ನ ಲೆಕ್ಕ. ಉಸಿರಾಡೋ ಹಾಗೆ ಮಾಡ್ಬೇಕು ಅಂದ್ರೆ ವಸ್ತು ಹಗುರ ಇರ್ಬೇಕು, ತುಂಡು ತುಂಡಾಗಿ ಸಡಿಲ ಜೋಡಣೆ ಇರ್ಬೇಕು. ನಿಮ್ಮದು ಹಾಳೆ ಎಲ್ಲ ಅಂಟು ಹಾಕಿ ಬಿಗಿ ಮಾಡಿದ ಹಾಗೆ ಕಾಣುತ್ತೆ. ಬೆನ್ನಿನ ಭಾಗ ಹಾಗೇ ಇರಲಿ, ಎದೆ ಕಡೆ ಬಿಡಿಸಿ ಬಾಳೆ ನಾರಲ್ಲಿ ಸಡಿಲ ಹೊಲೀರಿ. ಇನ್ನೂ ಹಗುರ ಬೇಕಂದ್ರೆ ನಮ್ಮ ಗುಡಿಗಾರರು ಬಾಸಿಂಗ ಮಾಡೋ ಬೆಂಡು ಇದೆಯಲ್ಲ, ಅದಕ್ಕೆ ಮಿಗಿಲಿಲ್ಲ.

ಜೋಡಿಸೋದು ಯಾವಾಗ್ಲೂ ಕೆಳಗಿಂದ ಮೇಲಕ್ಕೆ. ಅಲೆಕ್ಸಾಂಡರ್ ಕಾಲ್ಡರ್ ಅಂತ ಅಮೆರಿಕದ ಶಿಲ್ಪಿ, ಅವರ ತೂಗಾಡೋ ಕೆಲಸಗಳಿಗೆ 1931ರಲ್ಲಿ ಮೊಬೈಲ್ ಅಂತ ಹೆಸರಿಟ್ಟಿದ್ದು ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂಪ್, ಈಗ ನಮ್ಮ ಜೇಬಲ್ಲಿರೋ ಮೊಬೈಲಿಗೂ ಅದಕ್ಕೂ ಸಂಬಂಧ ಇಲ್ಲ. 1955ರಲ್ಲಿ ಅವರು ಅಹಮದಾಬಾದಿಗೂ ಬಂದು ಸಾರಾಭಾಯಿ ಮನೇಲಿದ್ದು ಕೆಲಸ ಮಾಡಿ ಹೋಗಿದ್ರು. ಮೊಬೈಲ್ ಕಟ್ಟೋದು ಕೆಳಗಿನ ಕೊನೇ ಕಡ್ಡಿಯಿಂದಲೇ, ಅದರ ತೂಕ ಸಮ ಆದ ಮೇಲೆ ಅದನ್ನ ಮೇಲಿನ ಕಡ್ಡಿಗೆ ಒಂದು ತೂಕ ಅಂತ ಹಾಕೋದು. ಮೇಲಿಂದ ಶುರುಮಾಡಿದ್ರೆ ಪ್ರತಿ ಸಲ ಎಲ್ಲಾ ಬಿಚ್ಚಿ ಮತ್ತೆ ಕಟ್ಬೇಕಾಗುತ್ತೆ.

ತೂಕದ ವಿಷಯದಲ್ಲಿ ನಾನೇ ಒಂದು ಸಲ ಚೆನ್ನಾಗಿ ಬುದ್ಧಿ ಕಲ್ತಿದ್ದೀನಿ. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಹಾಲಲ್ಲಿ, ತೀರಕ್ಕೆ ತೇಲಿಬಂದ ಗಾಳಿಮರದ ಬೇರು ಮತ್ತೆ ಹಳೇ ಹತ್ತಿ ಬಲೆ ಸೇರಿಸಿ ಮಾಡಿದ 11 ಕೆಜಿ ಕೆಲಸ ಒಂದನ್ನ ತಂಗೂಸಿನಲ್ಲಿ (ಗಾಳದ ನೈಲಾನ್ ದಾರ) ತೂಗುಹಾಕಿದ್ದೆ. ದಾರ ಕಾಣಬಾರದು, ಗಾಳೀಲಿ ತೇಲಿದ ಹಾಗೆ ಇರ್ಬೇಕು ಅನ್ನೋ ಷೋಕಿ. ಪ್ಯಾಕೆಟ್ ಮೇಲೆ 20 ಕೆಜಿ ತಡೆಯುತ್ತೆ ಅಂತ ಬರೆದಿತ್ತು, ಸಾಕಲ್ಲ ಅಂದ್ಕೊಂಡೆ. ಮೂರನೇ ತಿಂಗಳು ಒಂದು ರಾತ್ರಿ ದಢಾರ್ ಅಂತ ಬಿತ್ತು, ಹಗಲಾಗಿದ್ರೆ ಅದರ ಕೆಳಗೆ ಮಕ್ಕಳು ಕೂತು ಚಿತ್ರ ಬರೀತಿದ್ರು. ಆ ಜಾಗದವರು ತೊಲೆಗೆ ತಾವು ಹೊಡೆದ ಮೊಳೆ ಗಟ್ಟಿ ಇದೆ ಅಂತ ತೋರಿಸೋಕೆ ನನ್ನ ಕರೆಸಿದ್ರು, ಮೊಳೆ ಗಟ್ಟಿನೇ ಇತ್ತು, ಅದರಲ್ಲಿ ನಾನು ಹಾಕಿದ ಗಂಟಿನ ತುಂಡು ಹಾಗೇ ನೇತಾಡ್ತಾ ಇತ್ತು. ಗಂಟು ಹಾಕಿದಲ್ಲಿ ದಾರದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ನೈಲಾನ್ ಬಿಸಿಲಿಗೆ ಸೊರಗುತ್ತೆ, ಭಾರ ಹೊತ್ಕೊಂಡೇ ಇದ್ರೆ ದಿನದಿನಕ್ಕೆ ಹಿಗ್ಗುತ್ತೆ. ಅವತ್ತಿಂದ ನಾನು ಪ್ರತಿ ದಾರಕ್ಕೂ ಅದು ಹೊರೋ ತೂಕದ 10 ಪಟ್ಟು ಲೆಕ್ಕ ಹಾಕ್ತೀನಿ, ಮೇಲೆ ಇನ್ನೊಂದು ಸಡಿಲ ದಾರ ಎಕ್ಸ್ಟ್ರಾ ಕಟ್ತೀನಿ, ಮುಖ್ಯದ್ದು ಹೋದ್ರೂ ಅದು ಹಿಡ್ಕೊಳ್ಳಲಿ ಅಂತ. ದಾರ ಕಾಣಬಾರದು ಅನ್ನೋ ಹಟಾನೂ ಬಿಟ್ಟೆ. ದಾರ ಕಾಣಲಿ, ಅದೂ ಶಿಲ್ಪದ್ದೇ ಒಂದು ನರ. ನಿಮ್ಮದನ್ನ ಮಳೆಗಾಲದಲ್ಲೇ ಒಂದು ಸಲ ತೂಗಿ, ನಾರು ತೇವ ಕುಡಿದು ಬೇಸಿಗೆಗಿಂತ ಭಾರ ಇರುತ್ತೆ. ತೊಲೆಗೆ ವರಲೆ ಹಿಡಿದಿದೆಯಾ ಅಂತಾನೂ ಕುಟ್ಟಿ ನೋಡಿ.

ಬೂಷ್ಟು. ಇದಕ್ಕೆ ಮ್ಯಾಜಿಕ್ ಮದ್ದಿಲ್ಲ, ನಮ್ಮ ಮಳೇಲಿ ಉಪ್ಪಿನಕಾಯಿ ಭರಣಿ ಮುಚ್ಚಳಕ್ಕೇ ಬರುತ್ತೆ, ಹಾಳೆಗೆ ಬರದೇ ಇರುತ್ತಾ. ಮೂಗಿಗೆ ಬಟ್ಟೆ ಕಟ್ಕೊಂಡು ಹೊರಗೆ ಒಯ್ದು ಒಣ ಬ್ರಷಲ್ಲಿ ಉಜ್ಜಿ, ಬಿಸಿಲು ಬಿದ್ದ ದಿನ ಎರಡೂ ಮೈ ಒಣಗಿಸಿ. ಮುಂದಿನ ವರ್ಷದಿಂದ ಮೇ ಕೊನೆಗೆ ಇಳಿಸಿ ಒಲೆ ಮೇಲಿನ ಅಟ್ಟದಲ್ಲಿಡಿ, ಹೊಗೆ ಕುಡಿದ ಹಾಳೆಗೆ ಬೂಷ್ಟು ಹುಳ ಎರಡೂ ಕಮ್ಮಿ, ಬಣ್ಣಾನೂ ಜೇನಿನ ಥರ ಚಂದ ಬರುತ್ತೆ. ಬೆತ್ತಕ್ಕೆ ಕೊರೆಯೋ ಹುಳ ಬರದ ಹಾಗೆ ಬೊರ್‍ಯಾಕ್ಸ್ ಮತ್ತೆ ಬೋರಿಕ್ ಪೌಡರ್ ಸೇರಿಸಿ ಲೀಟರಿಗೆ ಸುಮಾರು 50 ಗ್ರಾಂ ಹಾಕಿದ ನೀರಲ್ಲಿ ಕೆಲವು ದಿನ ನೆನೆಸಿ ನೆರಳಲ್ಲಿ ಒಣಗಿಸಿ, ಆ ನೀರು ದನಕರು ಬಾಯಿ ಹಾಕದ ಜಾಗದಲ್ಲಿ ಚೆಲ್ಲಿ.

ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಮದ್ದು ಇದಕ್ಕೂ ಹೊಡೀಲಾ ಅಂತ ಮುಂದೆ ಕೇಳೋರಿದ್ದಾರೆ, ನನಗೊಬ್ರು ಕೇಳಿದ್ರು ಕೂಡ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಅದು ಅಡಿಕೆ ಕೊನೆಗೆ. ಮನೆಯೊಳಗೆ ಬೇಡ, ಮತ್ತೆ ನಿಮ್ಮ ದೇಹ ನೀಲಿ ಮೇಘಶ್ಯಾಮ ಆಗುತ್ತೆ. ಗೇರು ಎಣ್ಣೆ ದೋಣಿಗೆ ಬಳಿಯೋದು ನೋಡಿ ಅದನ್ನ ಹಚ್ಚೋರೂ ಇದ್ದಾರೆ, ಕೈಯೆಲ್ಲ ಬೊಬ್ಬೆ ಎದ್ದು ಚರ್ಮ ಸುಲಿಯುತ್ತೆ, ಬೇಡ. ರಬ್ಬರ್ ಹಾಲು ಬಳಿದ್ರೆ ಚರ್ಮದ ಥರ ಕಾಣುತ್ತೆ ಅನ್ನೋ ಆಸೆ ನನಗೂ ಇತ್ತು. ಈವಾ ಹೆಸ್ಸೆ ಅನ್ನೋ ಶಿಲ್ಪಿ ಲೇಟೆಕ್ಸಿನಲ್ಲಿ ಅದ್ಭುತ ಕೆಲಸ ಮಾಡಿ 1970ರಲ್ಲಿ 34ನೇ ವಯಸ್ಸಿಗೇ ಹೋಗಿಬಿಟ್ರು, ಆ ಲೇಟೆಕ್ಸ್ ಕಂದಾಗಿ ಹಪ್ಪಳದ ಹಾಗೆ ಪುಡಿ ಆಗ್ತಾ ಬಂತು, ಕೆಲವನ್ನ ಈಗ ಪ್ರದರ್ಶನಕ್ಕೆ ಎತ್ತೋಕೂ ಆಗಲ್ಲ.

ಆದ್ರೆ ಒಂದು ಮಾತು, ಎಲ್ಲಾ ಕೆಲಸಾನೂ ಉಳೀಲೇಬೇಕು ಅಂತ ಯಾರು ಹೇಳಿದ್ದು? ಚೌತಿಗೆ ನಮ್ಮ ಮನೆಗಳಲ್ಲಿ ಗಣಪತಿ ಮೇಲೆ ಫಲಾವಳಿ ಕಟ್ತೀವಿ, ಕಾರವಾರದ ಕೊಂಕಣಿಯವರು ಅದನ್ನೇ ಮಾಟೋಳಿ ಅಂತಾರೆ. ಚೌಕಟ್ಟಿಗೆ ಮೊಗೆಕಾಯಿ, ಹಾಗಲ, ಮಾದಲ, ಸಿಂಗಾರ, ಕಾಡಿಂದ ತಂದ ಹೆಸರೇ ಗೊತ್ತಿಲ್ಲದ ಕಾಯಿಗಳು, ಒಂದೊಂದನ್ನೂ ಬಾಳೆ ನಾರಲ್ಲಿ ತೊಟ್ಟಿನ ಹತ್ರ ಕಟ್ಟಿ ಇಳಿಬಿಡೋದು. ಭಾರದ್ದು ಮಧ್ಯಕ್ಕೆ ಬರ್ಬೇಕು, ಹಗುರದ್ದು ಅಂಚಿಗೆ, ಒಂದು ಬದಿ ಜಗ್ಗಿದ್ರೆ ಆಕಡೆ ಇನ್ನೊಂದು ಸೌತೆಕಾಯಿ. ಎರಡನೇ ದಿನಕ್ಕೆ ಎಲೆ ಬಾಡುತ್ತೆ, ಹಣ್ಣಿನ ವಾಸನೆ ಮನೆ ತುಂಬುತ್ತೆ, ಗಣಪತಿ ನೀರಿಗೆ ಹೋದ ಮೇಲೆ ಇದೂ ಇಳಿಯುತ್ತೆ. ತೂಗುಶಿಲ್ಪ ಅಂತ ನಾವು ಕಾಲೇಜಲ್ಲಿ ಕಲಿತಿದ್ದೆಲ್ಲ ಅದರಲ್ಲಿ ಮೊದಲೇ ಇದೆ, ನನಗೆ ಅದು ಕಣ್ಣಿಗೆ ಬೀಳೋಕೆ ಮೂವತ್ತು ವರ್ಷ ಬೇಕಾಯ್ತು.

ಕಟ್ಟೋ ದಿನ ಅತ್ತೇನೂ ಕರೀರಿ, ಇದು ಒಬ್ಬರೇ ಮಾಡೋ ಕೆಲಸ ಅಲ್ಲ, ನೀವು ಏಣಿ ಮೇಲಿದ್ದಾಗ ಕೆಳಗೊಬ್ರು ಮೈ ಎತ್ತಿ ಹಿಡ್ಕೋಬೇಕು. ಅಷ್ಟು ವರ್ಷ ಫಲಾವಳಿ ಕಟ್ಟಿದ ಕೈ ಅವರದ್ದು, ಯಾವ ಹೆಗಲು ಜಗ್ತಾ ಇದೆ ಅಂತ ನಿಮಗಿಂತ ಮೊದಲು ಅವರೇ ಹೇಳ್ತಾರೆ. ಹೇಳಿದ್ರೆ ಆ ಬದಿ ದಾರ ಎರಡು ಬೆರಳು ಗಿಡ್ಡ ಮಾಡಿ.